ಅಜ್ಜಾರ ನಾಮಪತ್ರಕ್ಕೆ ನನ್ನದೊಂದು ಸಹಿ

ಪ್ರೀತಿಯ ಗೆಳೆಯಾ,

ನಮ್ಮ ಗಲ್ಲಿಯ ಕಾವಿ ಅಜ್ಜಾರು ಮುಂದಿನ ಲೋಕಸಭೆಗೂ ನಿಲ್ತಾರಾ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ. ನಿಲ್ತಾರೆ. ಈಗಿನಿಂದಲೇ ಸೂಚಕರ, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸುವವರ, ಹೆಸರು ಬರೆದಿಡುತ್ತಿದ್ದಾರೆ. ಪ್ರತಿ ಸಲ ಠೇವಣಿ ಹೋಗುತ್ತದೆ, ಪ್ರತಿ ಸಲ "ನಿಲ್ಲು ಅಂತ ದೇವರೇ ಹೇಳಿದಾನೆ" ಅನ್ನುತ್ತಾರೆ. ಊರವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

1996ರಲ್ಲಿ ಗಡಿ ವಿವಾದದ ಕಡೆ ಗಮನ ಸೆಳೆಯಲು ನೂರಾರು ಮಂದಿ ನಿಂತು, ಬೆಳಗಾವಿ ಕಣದಲ್ಲಿ 456 ಅಭ್ಯರ್ಥಿಗಳಾಗಿದ್ದರು, ನೆನಪಿದೆಯಾ? ಆಗ ಠೇವಣಿ ಬರೀ 500 ರೂಪಾಯಿ. ಅದೇ ವರ್ಷ 10,000ಕ್ಕೆ ಏರಿಸಿದರು. ಈಗ 25,000, ಪರಿಶಿಷ್ಟರಿಗೆ ಅದರ ಅರ್ಧ. ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ದುಡ್ಡು ವಾಪಸ್ ಇಲ್ಲ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಕಾಣಿಕೆ ದುಡ್ಡು ಕೂಡಿಸಿ, ಮನೆಮನೆ ತಿರುಗಿ, ಮದ್ಯ ಬಂದ್ ಮಾಡಿಸ್ತೀನಿ ಅಂತ ಒಬ್ಬ ವಯಸ್ಸಾದವರು ನಿಂತರೆ ಅದು ಅವರ ಹಕ್ಕು. ನನ್ನ ಓಟು ಮಾತ್ರ ಅವರಿಗಿಲ್ಲ.

ನನ್ನ ತಕರಾರು ಇರುವುದು ಕರಪತ್ರದ ಮೇಲೆ. ಹೋದ ಸಲದ್ದು ಇನ್ನೂ ನನ್ನ ಹತ್ತಿರ ಇದೆ. ತೆಳು ಹಳದಿ ಕಾಗದ. ಮೇಲೆ ಓಂಕಾರ, ನಡುವೆ ಅಜ್ಜಾರ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ "ಮತ ಕೊಡದವರ ಮನೆಗೆ ದೇವರ ಶಾಪ ತಪ್ಪದು". ಪಕ್ಕದ ಮನೆಯ ಆಯಿ ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದಳು. "ಓಟು ಬ್ಯಾರೇದವರಿಗೆ ಹಾಕೀನಿ, ಮೊಮ್ಮಕ್ಕಳಿಗೆ ಏನರ ಆಗ್ತದೇನು?" ಅಂತ ನನ್ನನ್ನು ಕೇಳಿದಳು. ಕೈ ನಡುಗುತ್ತಿತ್ತು. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಇಂಥದ್ದನ್ನು ಭ್ರಷ್ಟ ಆಚರಣೆ ಅನ್ನುತ್ತದೆ. ದೇವರ ಕೋಪ ತೋರಿಸಿ ಮತದಾರರನ್ನು ಹೆದರಿಸುವಂತಿಲ್ಲ, ಧರ್ಮದ ಹೆಸರಲ್ಲಿ ಓಟು ಕೇಳುವಂತೆಯೂ ಇಲ್ಲ. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರರ ಧರ್ಮವನ್ನೂ ಎಳೆದು ತರಬಾರದು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪು ಕೊಟ್ಟರು. ಅಭ್ಯರ್ಥಿಯಾದವರು ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ಅದಕ್ಕೆ ಕಾನೂನೇ ಜಾಗ ಕೊಟ್ಟಿದೆ. ಅಜ್ಜಾರ ಭಕ್ತಿಗೆ ಅಷ್ಟು ಜಾಗ ಸಾಕಲ್ವಾ?

ಮೊನ್ನೆ ಹೋಗಿ ಇದನ್ನೇ ಹೇಳಿದೆ. ಅಜ್ಜಾರು ಬಹಳ ಹೊತ್ತು ಸುಮ್ನೆ ಕೂತರು. "ಶಾಪ ಕೊಡಾಂವ ನಾನಲ್ಲ, ಅವ" ಅಂದರು. ಹಾಗಿದ್ದರೆ ಅದನ್ನು ಅವನಿಗೇ ಬಿಡಿ, ಕಾಗದದ ಮೇಲೆ ಬೇಡ ಅಂದೆ. ಆಯಿಯ ವಿಷಯವನ್ನೂ ಹೇಳಿದೆ. ಅದು ಅವರಿಗೆ ಗೊತ್ತೇ ಇರಲಿಲ್ಲ, ಮುಖ ಸಪ್ಪಗಾಯಿತು. ಆ ಸಾಲು ತೆಗೆಸಲು ಒಪ್ಪಿದ್ದಾರೆ. ತೆಗೆಸಿದರೆ ಸೂಚಕನಾಗಿ ಸಹಿ ಹಾಕುತ್ತೇನೆ ಅಂತ ನಾನೂ ಮಾತು ಕೊಟ್ಟಿದ್ದೇನೆ.

ಹತ್ತು ಹೆಸರು ತುಂಬಲು ಇನ್ನೂ ಕೆಲವರು ಬೇಕು. ನಿನ್ನ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲೇ ಇದೆ ಅಲ್ವಾ? ಯೋಚನೆ ಮಾಡಿ ಬರಿ.

ನಿನ್ನ ಗೆಳೆಯ,
ಬೆಳಗಾವಿ