ಸಾದರ ಸ್ವೀಕಾರದಲ್ಲಿ ಇ-ಪುಸ್ತಕಕ್ಕೂ ನಾಲ್ಕು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ‘ಸಾದರ ಸ್ವೀಕಾರ’. ಪುಸ್ತಕದ ಹೆಸರು, ಬರೆದವರು, ಪುಟ, ಬೆಲೆ, ಪ್ರಕಾಶಕರ ಫೋನ್ ನಂಬರ್. ಅಷ್ಟೇ ಇರುತ್ತದೆ. ಆದರೆ ಹೊಸನಗರದ ಈ ಮೂಲೆಯಲ್ಲಿ ಕೂತವರಿಗೆ ಹೊಸ ಪುಸ್ತಕ ಬಂದಿದೆ ಅಂತ ಗೊತ್ತಾಗುವುದೇ ಅದರಿಂದ. ಆ ನಂಬರಿಗೆ ಫೋನ್ ಮಾಡಿ ತರಿಸಿಕೊಂಡ ಪುಸ್ತಕಗಳೇ ನಮ್ಮ ಮನೆಯ ಕಪಾಟಿನಲ್ಲಿ ಎರಡು ಸಾಲು ಇವೆ. ಈಗ ನನ್ನದೇ ಒಂದು ಪುಸ್ತಕ ಬರುತ್ತಿದೆ, ಮೊದಲನೆಯದು. ಆದರೆ ಅದು ಆ ಪಟ್ಟಿಗೆ ಸೇರುವ ಹಾಗಿಲ್ಲ, ಯಾಕೆಂದರೆ ಅದು ಇ-ಪುಸ್ತಕ. ಒಂದು ಪತ್ರಿಕೆಗೆ ಫೋನ್ ಮಾಡಿ ವಿಚಾರಿಸಿದೆ. ‘ಎರಡು ಪ್ರತಿ ಕಳಿಸಿ ಮೇಡಂ’ ಅಂದರು. ಪ್ರತಿ ಇಲ್ಲ, ಫೈಲ್ ಇದೆ ಅಂದೆ. ‘ಹಾಗಾದರೆ ಆಗೋದಿಲ್ಲ’ ಅಂದರು.

ಅದರ ಬಗ್ಗೆಯೇ ಈ ಪತ್ರ. ಪುಸ್ತಕದ ಹೆಸರು ಬರೆಯುವುದಿಲ್ಲ, ಇದನ್ನು ಜಾಹೀರಾತು ಮಾಡುವ ಉದ್ದೇಶ ನನಗಿಲ್ಲ. ಮಲೆನಾಡಿನ ಮಳೆಗಾಲದ ಅಡುಗೆ ಅದರ ವಿಷಯ: ಕಳಲೆ (ಎಳೆ ಬಿದಿರು), ಕೆಸುವು, ಚಗಟೆ ಸೊಪ್ಪು, ತಂಬುಳಿಗಳು, ಅಪ್ಪೆಹುಳಿ. ಬೆಂಗಳೂರಿನಲ್ಲಿರುವ ನಾದಿನಿ ಪ್ರತಿ ವರ್ಷ ಆಷಾಢದಲ್ಲಿ ಫೋನ್ ಮಾಡಿ ‘ಅತ್ತಿಗೆ, ಕಳಲೆ ಎಷ್ಟು ದಿನ ನೆನೆಸಬೇಕು?’ ಅಂತ ಕೇಳುತ್ತಾಳೆ. ಮೂರು ದಿನ, ದಿನಾ ನೀರು ಬದಲಿಸಬೇಕು, ಸುಮ್ನೆ ಹಾಗೇ ಬೇಯಿಸಿದರೆ ಕಹಿ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ ಅಂತ ನಾನು ಹೇಳುತ್ತೇನೆ. ಇಂಥ ಫೋನ್‌ಗಳಿಂದಲೇ ಈ ಪುಸ್ತಕ ಹುಟ್ಟಿದ್ದು.

ಅಚ್ಚು ಹಾಕಿಸಬಹುದಿತ್ತಲ್ಲ ಅಂತ ಕೇಳುವವರು ಬಹಳ ಜನ. 500 ಪ್ರತಿಗೆ ಮುಂಗಡವಾಗಿ ದುಡ್ಡು ಹಾಕಬೇಕು, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು, ನಮ್ಮ ಮಳೆಗೆ ಆ ಕಟ್ಟುಗಳು ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು, ಆಮೇಲೆ ಒಂದೊಂದನ್ನೇ ಅಂಚೆಗೆ ಹಾಕಲು ಪೇಟೆಗೆ ಹೋಗಬೇಕು. ತೋಟ, ಕೊಟ್ಟಿಗೆ ಎರಡನ್ನೂ ನೋಡಿಕೊಳ್ಳುವ ಹೆಂಗಸಿಗೆ ಇದು ಆಗುವ ಕೆಲಸವಲ್ಲ. ಇ-ಪುಸ್ತಕ ನನಗೆ ಶೋಕಿಯಲ್ಲ, ಇದ್ದ ಒಂದೇ ದಾರಿ.

ಆ ದಾರಿಯಲ್ಲಿ ಕಲಿತದ್ದನ್ನು ಬರೆಯುತ್ತೇನೆ, ನನ್ನ ಹಾಗೆ ಶುರುಮಾಡುವ ಬೇರೆಯವರಿಗೂ ಉಪಯೋಗವಾಗಬಹುದು.

ನಾನು ಮೊದಲು ಕಷ್ಟಪಟ್ಟಿದ್ದು ಅಕ್ಷರಗಳ ಜೊತೆ. ಮೂರು ವರ್ಷದ ಹಿಂದೆ ಡಿಟಿಪಿ ಮಾಡಿಸಿಟ್ಟಿದ್ದ ಪುಟಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು, ಈಗ ಎಲ್ಲ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯುನಿಕೋಡ್‌ನಲ್ಲಿ ಅಲ್ಲ. ಅದರ ಪಿಡಿಎಫ್ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಮೊಬೈಲ್‌ನಲ್ಲಿ ಪ್ರತಿ ಸಾಲನ್ನೂ ಬೆರಳಲ್ಲಿ ಎಳೆದು ದೊಡ್ಡದು ಮಾಡಿಕೊಂಡು ಓದಬೇಕು. ಇ-ಪುಸ್ತಕದ ಆನ್‌ಲೈನ್ ಅಂಗಡಿಗಳಿಗೆ ಇಪಬ್ (EPUB) ಫೈಲ್ ಕೊಡುವುದು ಒಳ್ಳೆಯದು. ಅದರಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುತ್ತದೆ. ಅದಕ್ಕೆ ಯುನಿಕೋಡ್ ಬೇಕೇಬೇಕು. ಫಾಂಟ್ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ, ಎರಡು ನಿಮಿಷದಲ್ಲಿ ಆಯಿತು. ಓದಲು ಕೂತರೆ ಎಲ್ಲೆಲ್ಲೂ ‘ಅರ್ಧ ಚಮಚ’ ಹೋಗಿ ‘ಅಧರ್ ಚಮಚ’ ಆಗಿತ್ತು! ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ಆಮೇಲೆ ಒತ್ತುತ್ತಿದ್ದರು, ಯುನಿಕೋಡ್‌ನಲ್ಲಿ ಅದು ಮೊದಲು ಬರಬೇಕು, ಹಾಗಾಗಿ ಹೀಗೆ. ಅಡುಗೆ ಪುಸ್ತಕದಲ್ಲಿ ಅಳತೆಯೇ ತಪ್ಪಿದರೆ ಇನ್ನೇನು ಉಳಿಯಿತು? ಇಡೀ ಪುಸ್ತಕವನ್ನು ಸಾಲು ಸಾಲಾಗಿ ತಿದ್ದಿದೆ, ಒಂದೂವರೆ ತಿಂಗಳು ಹಿಡಿಯಿತು. ಹೊಸದಾಗಿ ಬರೆಯುವವರು ದಯವಿಟ್ಟು ಮೊದಲಿನಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಎರಡೂ ನೇರವಾಗಿ ಇಪಬ್ ಮಾಡಿಕೊಡುತ್ತವೆ, ದುಡ್ಡು ಬೇಕಿಲ್ಲ.

ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್‌ಗೂ ದುಡ್ಡು ಬೇಕಿಲ್ಲ. ಒಬ್ಬರು ನನ್ನ ಹತ್ತಿರ ಅದನ್ನು ಕೊಡಿಸಲು ಹಣ ಕೇಳಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ, ಲೇಖಕರೇ ಹಾಕಬಹುದು. ಮುಂದೆ ಅದೇ ಪುಸ್ತಕವನ್ನು ಅಚ್ಚು ಹಾಕಿಸಿದರೆ ಅದಕ್ಕೆ ಬೇರೆ ನಂಬರ್ ಬೇಕು.

ಇನ್ನು ಅಂಗಡಿ. 2016ರ ಕೊನೆಯಲ್ಲಿ ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆ ಬಂದಾಗ ಕನ್ನಡ ಅದರಲ್ಲಿ ಇರಲಿಲ್ಲ. ಆ ನೋವು ಕನ್ನಡದ ಓದುಗರಿಗೆಲ್ಲ ನೆನಪಿದೆ. ಆದರೆ ನಮಗೆ ಬೇರೆ ಕಡೆ ಜಾಗ ಆಯಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಮಾರಬಹುದು. ವಿವಿಡ್‌ಲಿಪಿ ಇದೆ, 2020ರಲ್ಲಿ ಶುರುವಾದ ಮೈಲ್ಯಾಂಗ್ ಇದೆ, ಎರಡನ್ನೂ ಕಟ್ಟಿದವರು ಕನ್ನಡದವರೇ. ನಾನು ಮೂರೂ ಕಡೆ ಇಡಬೇಕು ಅಂತಿದ್ದೇನೆ. ಒಂದೇ ಕಡೆ ಮಾರುತ್ತೇನೆ ಅನ್ನುವ ಕರಾರಿಗೆ ಮೊದಲ ಪುಸ್ತಕದಲ್ಲೇ ಸಹಿ ಹಾಕುವುದು ನನಗೆ ಸರಿ ಕಾಣಲಿಲ್ಲ.

ಅಂಗಡಿಯಲ್ಲಿ ಇಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಆಮೇಲಿನದು. ಯಾರಿಗೆ ಮಾರುತ್ತೇನೆ? ನಮ್ಮೂರಿನವರಿಗೆ ಕಳಲೆ ಪಲ್ಯ ಮಾಡಲು ಪುಸ್ತಕ ಬೇಡ. ಊರು ಬಿಟ್ಟು ಹೋದ ಮಕ್ಕಳಿಗೆ ಬೇಕು, ಅವರು ಬೆಂಗಳೂರಲ್ಲಿದ್ದಾರೆ, ಪುಣೆಯಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಅವರಿಗೆ ಊರಿನ ನೆನಪು ಯಾವಾಗ ಜಾಸ್ತಿ? ಮಳೆ ಹಿಡಿದಾಗ. ಹಾಗಾಗಿ ಯುಗಾದಿಗೆ ಬಿಡುಗಡೆ ಮಾಡು ಅಂತ ಮನೆಯಲ್ಲಿ ಹೇಳಿದರೂ ನಾನು ಆರಿದ್ರಾ ಮಳೆ ಶುರುವಾಗುವ ವಾರವನ್ನೇ ಆರಿಸಿಕೊಂಡೆ. ಆಗ ಕೈಗೆ ಸಿಕ್ಕರೆ ಕಳಲೆ ಬರುವಷ್ಟರಲ್ಲಿ ಪುಸ್ತಕ ಓದಿರುತ್ತಾರೆ.

ಆ ಮಕ್ಕಳು ಹುಡುಕುವುದು ಹೇಗೆ ಅಂತ ಗಮನಿಸಿದ್ದೇನೆ. ಅವರು ಕನ್ನಡ ಅಕ್ಷರದಲ್ಲಿ ಟೈಪ್ ಮಾಡುವುದು ಕಡಿಮೆ, ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಹಾಗಾಗಿ ಹೆಸರು, ವಿವರಣೆ ಎರಡೂ ಲಿಪಿಯಲ್ಲಿ ಇರಬೇಕು. ಊರಿಗೊಂದು ಹೆಸರು ಬೇರೆ. ನಾವು ಕಳಲೆ ಅನ್ನುವುದನ್ನು ಘಟ್ಟದ ಕೆಳಗೆ ಕಣಿಲೆ ಅನ್ನುತ್ತಾರೆ, ನಮ್ಮ ಒಂದೆಲಗ ತುಳುವಿನಲ್ಲಿ ತಿಮರೆ. ಅಂಗಡಿಯ ವಿವರಣೆಯಲ್ಲಿ ಈ ಎಲ್ಲ ಹೆಸರೂ ಸೇರಿಸಿದೆ. ನಮ್ಮ ಹೆಸರೊಂದನ್ನೇ ಬರೆದು ಕೂತಿದ್ದರೆ ಮಂಗಳೂರಿನ ಓದುಗರೊಬ್ಬರಿಗೂ ಪುಸ್ತಕ ಕಾಣುತ್ತಿರಲಿಲ್ಲ, ಅಲ್ವಾ?

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು. ಇ-ಪುಸ್ತಕವನ್ನು ಕೊಳ್ಳುವ ಮೊದಲು ಕೆಲವು ಪುಟ ಓದಲು ಬಿಡುತ್ತಾರೆ, ಸಾಮಾನ್ಯವಾಗಿ ಅದು ಪುಸ್ತಕದ ಮೊದಲ ಪುಟಗಳೇ. ನಮ್ಮ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಏನಿರುತ್ತದೆ? ಅರ್ಪಣೆ, ಮುನ್ನುಡಿ, ಪ್ರಕಾಶಕರ ಮಾತು, ಲೇಖಕರ ಅರಿಕೆ, ನೆರವಾದವರ ಹೆಸರುಗಳು. ಮಾದರಿ ಓದುವವರಿಗೆ ಒಂದು ಅಡುಗೆಯೂ ಸಿಗದೆ ಪುಟ ಮುಗಿದುಹೋಗುತ್ತದೆ. ನನಗೆ ಮುನ್ನುಡಿ ಬರೆದುಕೊಟ್ಟವರು ನಾನು ಗೌರವಿಸುವ ಹಿರಿಯರು. ಅವರ ಮನೆಗೇ ಹೋಗಿ, ಮೊಬೈಲ್‌ನಲ್ಲಿ ತೋರಿಸಿ, ‘ಸರ್, ನಿಮ್ಮ ಮಾತನ್ನು ಕೊನೆಗೆ ಇಡುತ್ತೇನೆ, ಬೇಜಾರಿಲ್ಲ ತಾನೇ?’ ಅಂತ ಕೇಳಿದೆ. ಅವರು ಒಪ್ಪಿದ್ದಷ್ಟೇ ಅಲ್ಲ, ಮೊದಲು ಕಳಲೆಯ ಅಧ್ಯಾಯವನ್ನೇ ಇಡು ಅಂದರು. ಈಗ ಪುಸ್ತಕ ತೆರೆದ ಕೂಡಲೇ ಬಿದಿರುಮೆಳೆ, ಕತ್ತಿ, ನೆನೆಸಿದ ಪಾತ್ರೆ.

ಮುಖಪುಟವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ ಒಪ್ಪಿಕೊಂಡೆ. ಅಂಗಡಿಯ ಪಟ್ಟಿಯಲ್ಲಿ ಅದು ಅಷ್ಟೇ ಕಾಣುವುದು. ಒಳಗಿನ ಚಿತ್ರಗಳನ್ನೂ ಕಡಿಮೆ ಮಾಡಿದೆ, ಫೈಲ್ ಹಗುರಾಗಿರಲಿ ಅಂತ. ನಮ್ಮ ಕಡೆ ತೋಟದ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಕಿಲ್ಲ, ಆ ಒಂದು ಸಲವಾದರೂ ಬೇಗ ಆಗಬೇಕು.

ಬೆಲೆ 99 ರೂಪಾಯಿ ಅಂತ ಇಟ್ಟಿದ್ದೇನೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಾದ ಪುಸ್ತಕದ ಇ-ಆವೃತ್ತಿಗೆ 2018ರ ಜುಲೈನಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿಸಿದರು. ಆದರೆ ಅಚ್ಚೇ ಆಗದೆ ಇ-ಪುಸ್ತಕವಾಗಿಯೇ ಬಂದದ್ದು ಆ ರಿಯಾಯಿತಿಗೆ ಸೇರುವುದಿಲ್ಲ, ಅದಕ್ಕೆ ಶೇ 18. ಅಚ್ಚು ಹಾಕಿಸಲು ಶಕ್ತಿ ಇಲ್ಲದವರೇ ಇ-ಪುಸ್ತಕ ಮಾಡುವುದು, ಅವರ ಪುಸ್ತಕಕ್ಕೇ ತೆರಿಗೆ ಜಾಸ್ತಿ. ಇದು ಸರಿಯಲ್ಲ. ನಮ್ಮ ಭಾಗದ ಸಂಸದರು ಇದನ್ನು ಕೇಳಬೇಕು.

ಉಚಿತವಾಗಿ ಹಂಚು, ಹೆಸರಾದರೂ ಬರುತ್ತದೆ ಅಂತ ಹೇಳುವವರಿದ್ದಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪಿಡಿಎಫ್ ಇದ್ದರೆ ಕಳಿಸಿ ಅಕ್ಕ’ ಅಂತ ಈಗಲೇ ಕೇಳುತ್ತಿದ್ದಾರೆ. ಅವರೆಲ್ಲ ನನ್ನವರೇ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ನಾನು ಕಳಿಸುವುದಿಲ್ಲ. ಒಂದು ಅಧ್ಯಾಯ ಉಚಿತ ಕೊಡುತ್ತೇನೆ, ಯಾರಿಗೆ ಬೇಕಾದರೂ ಕಳಿಸಿಕೊಳ್ಳಲಿ. ಉಳಿದದ್ದಕ್ಕೆ 99 ರೂಪಾಯಿ ಕೊಡಿ ಅಂತ ಕೇಳಲು ನನಗೆ ಸಂಕೋಚ ಇಲ್ಲ. ಹಲಸಿನ ಹಪ್ಪಳ ಮಾರುವಾಗ ಯಾರೂ ಪುಕ್ಕಟೆ ಕೇಳುವುದಿಲ್ಲ, ಪುಸ್ತಕದಲ್ಲೂ ಅಷ್ಟೇ ಬೆವರಿದೆ.

ಹಪ್ಪಳದ ಮಾತು ಬಂದದ್ದರಿಂದ ಹೇಳುತ್ತೇನೆ, ನನಗೆ ಹೆಚ್ಚು ಭರವಸೆ ಇರುವುದು ಉಪ್ಪಿನಕಾಯಿ ಬಾಟಲಿಯ ಮೇಲೆ. ನಮ್ಮ ಸ್ವಸಹಾಯ ಸಂಘದ ಹೆಂಗಸರು ಅಪ್ಪೆಮಿಡಿ ಹಾಕಿ ಬೆಂಗಳೂರಿಗೆ ಕಳಿಸುತ್ತಾರೆ. ಪ್ರತಿ ಬಾಟಲಿಗೂ ಒಂದು ಚಿಕ್ಕ ಕಾರ್ಡ್ ಕಟ್ಟುತ್ತೇವೆ: ಒಂದು ಬದಿಗೆ ಅಪ್ಪೆಹುಳಿ ಮಾಡುವ ವಿಧಾನ, ಇನ್ನೊಂದು ಬದಿಗೆ ಪುಸ್ತಕದ ಕ್ಯೂಆರ್ ಕೋಡ್. ಆಗುಂಬೆ ಕಡೆಯ ಎರಡು ಹೋಮ್‌ಸ್ಟೇಯವರೂ ಊಟದ ಮೇಜಿನ ಮೇಲೆ ಇಡಲು ಒಪ್ಪಿದ್ದಾರೆ. ಪತ್ರೊಡೆ ತಿಂದು ‘ಇದನ್ನು ಹೇಗೆ ಮಾಡುತ್ತೀರಿ?’ ಅಂತ ಕೇಳುವ ಹೊತ್ತಿಗೆ ಕಾರ್ಡ್ ಕಣ್ಣೆದುರು ಇರಬೇಕು. ಆನ್‌ಲೈನ್ ಜಾಹೀರಾತಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡುತ್ತೇನೆ. ಜೊತೆಗೆ, ನೆಂಟರಲ್ಲದ ಹತ್ತು ಜನರಿಗೆ ಫೈಲ್ ಮೊದಲೇ ಕಳಿಸಿದ್ದೇನೆ. ಎರಡು ಅಡುಗೆಯನ್ನಾದರೂ ಮಾಡಿ ನೋಡಿ, ಆಗಿದ್ದು ಆದ ಹಾಗೆ ಅಂಗಡಿಯ ಪುಟದಲ್ಲಿ ಬರೆಯಿರಿ ಅಂತ ಕೇಳಿಕೊಂಡಿದ್ದೇನೆ. ನಮ್ಮ ಮನೆಯವರು ಬರೆದರೆ ಅದು ಹೊಗಳಿಕೆ ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಜಾಗ ಖಾಲಿ ಇದೆ ಸಂಪಾದಕರೇ. ಕನ್ನಡದ ಓದುಗರು ಪುಸ್ತಕ ಕೊಳ್ಳುವುದು ನಂಬುವವರು ಯಾರಾದರೂ ಹೇಳಿದಾಗ. ಹೆಗ್ಗೋಡಿಗೆ ನೀನಾಸಂ ಶಿಬಿರಕ್ಕೆ ಬಂದವರು ಮೇಜಿನ ಮೇಲಿನ ಪುಸ್ತಕ ತಿರುವಿ, ಪಕ್ಕದವರನ್ನು ಕೇಳಿ ಕೊಳ್ಳುತ್ತಾರೆ. ಇ-ಪುಸ್ತಕಕ್ಕೆ ಮೇಜಿಲ್ಲ, ಬಿಡುಗಡೆಯ ವೇದಿಕೆ ಇಲ್ಲ. ಫೋನ್ ಪರದೆಯ ಮೇಲೆ ನೂರು ಪುಸ್ತಕಗಳ ನಡುವೆ ಒಂದಾಗಿ ಇರುತ್ತದೆ. ನಮ್ಮಂಥ ಓದುಗರು ಇಷ್ಟು ವರ್ಷದಿಂದ ನಂಬಿದ್ದು ನಿಮ್ಮ ಆ ಪಟ್ಟಿಯನ್ನು. ಯಾವ ಪುಸ್ತಕವನ್ನೂ ಹೊಗಳಿ ಅಂತ ಕೇಳುತ್ತಿಲ್ಲ. ವಿಮರ್ಶೆಗೆ ಯೋಗ್ಯವಲ್ಲ ಅನ್ನಿಸಿದರೆ ಬಿಡಿ. ಬಂದಿದೆ ಅಂತ ನಾಲ್ಕು ಸಾಲು ಹಾಕಿ: ಹೆಸರು, ಬರೆದವರು, ಬೆಲೆ, ಪ್ರಕಾಶಕರ ಫೋನ್ ನಂಬರಿನ ಜಾಗದಲ್ಲಿ ಸಿಗುವ ಅಂಗಡಿಯ ಹೆಸರು. ಎರಡು ಪ್ರತಿ ಬೇಕು ಅನ್ನುವ ನಿಯಮದ ಬದಲು ಒಂದು ಇಮೇಲ್ ವಿಳಾಸ ಕೊಡಿ, ಲೇಖಕರು ಇಪಬ್ ಫೈಲ್ ಕಳಿಸುತ್ತಾರೆ. ಐಎಸ್‌ಬಿಎನ್ ಇದ್ದರೆ ಮಾತ್ರ ಅಂತ ಷರತ್ತು ಹಾಕಿದರೂ ಸರಿ, ಅದು ಯಾರಿಗೂ ಹೊರೆಯಲ್ಲ.

ಈ ಪತ್ರವನ್ನು ಇಮೇಲ್‌ನಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಕಳಲೆಯ ಅಧ್ಯಾಯ ಮಾತ್ರ ಲಗತ್ತಿಸಿದ್ದೇನೆ, ಫೋನ್‌ನಲ್ಲಿ ತೆರೆದು, ಅಕ್ಷರವನ್ನು ನಿಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಿ. ಪೂರ್ತಿ ಪುಸ್ತಕವನ್ನು ಆರಿದ್ರಾ ಮಳೆಯ ಮೊದಲ ದಿನ ಕಳಿಸುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ