ಕೊಂಡುಕುರಿ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯರೇ,

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಜಿಂಕೆಯಂಥ ಪ್ರಾಣಿ) ಧಾಮದ ಅಂಚಿನಲ್ಲಿ ದನ, ಕುರಿ ಮೇಯಿಸುವ ನಮಗೆ ಉಣುಗು ಹೊಸದೇನಲ್ಲ. ಮಳೆ ಬಿತ್ತೆಂದರೆ ಸಂಜೆ ಹೊತ್ತು ಕೆಚ್ಚಲ ಸಂದಿ, ಕಿವಿ, ಬಾಲದ ಬುಡದಲ್ಲಿ ಹರಳುಬೀಜದಂತೆ ಉಬ್ಬಿದ ಉಣುಗು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುವುದೇ ಕೆಲಸ. ಒಂದು ತಪ್ಪಿಸಿಕೊಂಡು ನೆಲಕ್ಕೆ ಬಿದ್ದರೆ ಎರಡು ಮೂರು ಸಾವಿರ ಮೊಟ್ಟೆ.

ಹೋದ ವರ್ಷ ನಮ್ಮ ಮಿಶ್ರತಳಿ ಹಸು ಜ್ವರ ಬಂದು ಮೇವು ಬಿಟ್ಟಿತು. ರೆಪ್ಪೆ ಮಗುಚಿದರೆ ಒಳಗೆ ಸುಣ್ಣದ ಬಿಳುಪು, ಎರಡು ದಿನಕ್ಕೆ ಅರಿಶಿನ. ಗಂಜಲ ಮಾತ್ರ ಕೆಂಪಾಗಿರಲಿಲ್ಲ. 'ಕೆಂಪಾಗಿದ್ದರೆ ಬಬೇಸಿಯಾ ಅನ್ನುತ್ತಿದ್ದೆ, ಇದು ಅನಾಪ್ಲಾಸ್ಮಾ ಇದ್ದೀತು; ಎರಡೂ ಉಣುಗು ಕಚ್ಚಿ ಹರಡುವ ರಕ್ತದ ರೋಗಾಣುಗಳೇ' ಎಂದ ಪಶುವೈದ್ಯರು ಕಿವಿಯ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರು. ಕೆಂಪು ರಕ್ತಕಣದ ಅಂಚಿನಲ್ಲಿ ಪುಟ್ಟ ಚುಕ್ಕಿ! ಟೆಟ್ರಾಸೈಕ್ಲಿನ್ ಇಂಜೆಕ್ಷನ್‌ಗೆ ಹಸು ಉಳಿಯಿತು, ಹಾಲು ಮಾತ್ರ ಮೊದಲಿನಷ್ಟು ಬರಲಿಲ್ಲ.

ಊರವರದು ಒಂದೇ ಮಾತು: 'ಕೊಂಡುಕುರಿ ತಂದ ರೋಗ'. ನೋಡಿದವರು ಯಾರು? ದನಕ್ಕೆ ಹೆಚ್ಚಾಗಿ ಬರುವುದು ಅನಾಪ್ಲಾಸ್ಮಾ ಮಾರ್ಜಿನೇಲ್, ಕುರಿ ಮೇಕೆಗೆ ಅನಾಪ್ಲಾಸ್ಮಾ ಓವಿಸ್. ಮಾರ್ಜಿನೇಲ್‌ ಒಂದರಲ್ಲೇ ಹತ್ತಾರು ತಳಿ. ಅದರ ಎಂಎಸ್‌ಪಿ1ಎ ಎಂಬ ಜೀನ್‌ನಲ್ಲಿ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ; ಎಷ್ಟು ಸಲ, ಯಾವ ಜೋಡಣೆಯಲ್ಲಿ ಎಂಬುದೇ ತಳಿಯ ಗುರುತು, ನಾವು ಕುರಿ ಕಿವಿಗೆ ಹಾಕುವ ಕಚ್ಚಿನಂತೆ. ಸೂಕ್ಷ್ಮದರ್ಶಕಕ್ಕೆ ಎಲ್ಲ ಚುಕ್ಕಿಯೂ ಒಂದೇ; ಅದರಲ್ಲಿ ನೋಡಿ ರೋಗ ಯಾವ ಪ್ರಾಣಿಯಿಂದ ಬಂತೆಂದು ಹೇಳಲಾಗದು.

ಇನ್ನೊಂದು ವಿಷಯ. ಈ ಬ್ಯಾಕ್ಟೀರಿಯಾ ದನದ ಮೈಯೊಳಗೇ ತನ್ನ ಹೊರಕವಚ ಬದಲಿಸುತ್ತಾ ಹೋಗುತ್ತದೆ. ದೇಹಕ್ಕೆ ಅದರ ಗುರುತು ಪೂರ್ತಿ ಸಿಗುವುದಿಲ್ಲ. ಹಾಗಾಗಿ ವಾಸಿಯಾದ ದನವೂ ವರ್ಷಗಟ್ಟಲೆ ಅದನ್ನು ಹೊತ್ತಿರುತ್ತದೆ, ನೋಡುವ ಕಣ್ಣಿಗೆ ದಷ್ಟಪುಷ್ಟ. ಅಂಥದ್ದನ್ನು ಸಂತೆಯಿಂದ ಹೊಡೆದುಕೊಂಡು ಬಂದು ಹಟ್ಟಿಗೆ ಕಟ್ಟುವವರು ನಾವೇ. ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ದನಕ್ಕೆ ಚುಚ್ಚಿದ್ದನ್ನೂ ಕಂಡಿದ್ದೇನೆ. ರಕ್ತ ಮೆತ್ತಿದ ಸೂಜಿಗೂ ಉಣುಗಿಗೂ ಏನು ವ್ಯತ್ಯಾಸ?

ಪಶುಪಾಲನಾ ಇಲಾಖೆ, ಅರಣ್ಯ ಇಲಾಖೆ ಕೂಡಿ ನಮ್ಮ ದನ ಕುರಿಗಳ ರಕ್ತವನ್ನೂ ಕಾಡುಪ್ರಾಣಿಗಳ ಮಾದರಿಯನ್ನೂ ಬೆಂಗಳೂರಿನ ಹೆಬ್ಬಾಳ, ಯಲಹಂಕದ ಪ್ರಯೋಗಾಲಯಗಳಿಗೆ ಕಳಿಸಿ ಜೀನ್ ಹೋಲಿಸಿ ನೋಡಲಿ. ಬಂದ ಫಲಿತಾಂಶ ಹೋಬಳಿ ಪಶು ಆಸ್ಪತ್ರೆಗೂ ತಲುಪಲಿ. ಇದಕ್ಕಾಗಿ ಕೊಂಡುಕುರಿ ಹಿಡಿಯುವುದು ಬೇಡ. ನಾಯಿ ಕಚ್ಚಿಯೋ ರಸ್ತೆಯಲ್ಲೋ ಸತ್ತದ್ದು ಸಿಕ್ಕಾಗ, ಮಹಜರು ಮುಗಿಸಿ ಸುಡುವ ಮುನ್ನ ಅದರ ಮೈಮೇಲಿನ ನಾಲ್ಕು ಉಣುಗು ಕಿತ್ತು ಶೀಶೆಗೆ ಹಾಕಿಕೊಂಡರೆ ಸಾಕು.

– ಒಬ್ಬ ಹೈನುಗಾರ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ