ಕೂಲಿಂಗ್ ಭಾಗಗಳ ಸೋರಿಕೆ ಪರೀಕ್ಷೆ: ಸರ್ವಿಸ್ ಕ್ರಮದಲ್ಲಿ ಬದಲಾವಣೆ

ಸಾಗರ

ಮಾನ್ಯ ಗ್ರಾಹಕರೇ,

ಶರಾವತಿ ಹಿನ್ನೀರಿನಲ್ಲಿ ಬೋಟು ನಡೆಸುವ ತಮ್ಮೆಲ್ಲರ ಗಮನಕ್ಕೆ ತರುವುದೇನೆಂದರೆ, ಈ ಮಳೆಗಾಲದ ಸರ್ವಿಸ್‌ನಿಂದ ಡೀಸೆಲ್ ಎಂಜಿನ್‌ಗಳ ಹೀಟ್ ಎಕ್ಸ್‌ಚೇಂಜರ್ (ಎಂಜಿನ್ನಿನ ಬಿಸಿಯನ್ನು ಹೊಳೆಯ ನೀರಿಗೆ ದಾಟಿಸುವ ಭಾಗ) ಮತ್ತು ಆಯಿಲ್ ಕೂಲರ್‌ಗಳನ್ನು (ಎಂಜಿನ್ ಎಣ್ಣೆ ತಣಿಸುವ ಭಾಗ) ಬಿಚ್ಚಿ, ಒತ್ತಡ ಕೊಟ್ಟು ಸೋರಿಕೆ ನೋಡಿದ ನಂತರವೇ ಎಂಜಿನ್ ಜೋಡಿಸಿ ಕೊಡಲಾಗುವುದು. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ.

ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳೊಳಗೆ ಹೊಳೆಯ ನೀರು, ಹೊರಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಹರಿಯುತ್ತವೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಪಂಪು ಕೆಸರು, ಮರಳನ್ನೂ ಎಳೆಯುವುದರಿಂದ ಕೊಳವೆಗಳು ಒಳಗಿನಿಂದ ಸವೆಯುತ್ತವೆ. ತೂತು ಬಿದ್ದರೆ, ಬಿಸಿ ಎಂಜಿನ್ನಿನ ಒತ್ತಡದಲ್ಲಿರುವ ಕೂಲೆಂಟ್ ಆ ನೀರಿಗೆ ಸೇರಿ ಅದರ ಜೊತೆಗೇ ಹೊಗೆ ಕೊಳವೆಯ ಮೂಲಕ ಹೊರಟುಹೋಗುತ್ತದೆ. ಬೋಟಿನ ತಳದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಆಯಿಲ್ ಕೂಲರ್ ಸೋರಿದರೆ ನೀರಿನ ಮೇಲೆ ಎಣ್ಣೆಯ ಬಣ್ಣದ ಪದರ ತೇಲುತ್ತದೆ, ನೀರು ಒಳಗೆ ಬಂದಿದ್ದರೆ ಡಿಪ್‌ಸ್ಟಿಕ್ಕಿನ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಣ್ಣೆ ಹಾಲು ಹಾಕಿದ ಚಹಾದಂತಿರುತ್ತದೆ. ಅಷ್ಟರಲ್ಲಿ ಬೇರಿಂಗ್‌ಗಳಿಗೆ ಪೆಟ್ಟು ಬಿದ್ದಿರುವುದೇ ಹೆಚ್ಚು.

ಪರೀಕ್ಷೆಗೆ ಮೊದಲು ಭಾಗಗಳನ್ನು ತೆಳು ಆಸಿಡ್ಡಿನಲ್ಲಿ ತೊಳೆಯುತ್ತೇವೆ, ಏಕೆಂದರೆ ಕಿಟ್ಟವೇ ತೂತನ್ನು ಮುಚ್ಚಿರಬಹುದು. ಹೀಗಾಗಿ "ತೊಳೆದ ಮೇಲೆ ಸೋರಿತು" ಎನ್ನುವ ದೂರಿನಲ್ಲಿ ತಪ್ಪು ತೊಳೆದವರದ್ದಾಗಿರುವುದು ಅಪರೂಪ. ಬಳಿಕ ಬಾಯಿಗಳಿಗೆ ರಬ್ಬರ್ ಬಿರಡೆ ಬಿಗಿದು, ಕೂಲೆಂಟ್ ಬದಿಗೆ ಸುಮಾರು 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಗಾಳಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಮೊದಲು ಏಳುವ ಗುಳ್ಳೆಗಳು ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯವು. ಅವು ನಿಂತ ಮೇಲೂ ಒಂದೇ ಕೊಳವೆಯ ಬಾಯಿಂದ ಸಾಲುಗಟ್ಟಿ ಬರುವ ಸಣ್ಣ ಗುಳ್ಳೆಗಳನ್ನು ಮಾತ್ರ ಸೋರಿಕೆ ಎಂದು ಪರಿಗಣಿಸುತ್ತೇವೆ. ಲೋಹ ಹಿಗ್ಗಿದಾಗ ಮಾತ್ರ ತೆರೆದುಕೊಳ್ಳುವ ಬಿರುಕುಗಳಿರುವುದರಿಂದ ಬಿಸಿನೀರಿನಲ್ಲಿ ಇನ್ನೊಮ್ಮೆ ನೋಡುತ್ತೇವೆ. ಆಯಿಲ್ ಕೂಲರಿನ ಎಣ್ಣೆ ಬದಿಗೆ ಹೆಚ್ಚಿನ ಒತ್ತಡ ಬೇಕಾದ್ದರಿಂದ ಅಲ್ಲಿ ಗಾಳಿ ಬಳಸದೆ ಕೈಪಂಪಿನಿಂದ ದ್ರವವನ್ನೇ ತುಂಬಿ ನೋಡುತ್ತೇವೆ. ಗಾಳಿಯ ಒತ್ತಡದಲ್ಲಿ ಭಾಗ ಸಿಡಿದರೆ ಅಪಾಯ.

ಪರೀಕ್ಷೆಗೆ ಪ್ರತ್ಯೇಕ ಕೂಲಿ ಇರುವುದಿಲ್ಲ. ಆಸಿಡ್, ಓ-ರಿಂಗ್ ಮತ್ತು ಗ್ಯಾಸ್ಕೆಟ್‌ಗಳ ಬೆಲೆ ಮಾತ್ರ ಬಿಲ್ಲಿಗೆ ಸೇರುತ್ತದೆ. ಸೋರಿಕೆ ಕಂಡುಬಂದರೆ ತಮ್ಮ ಒಪ್ಪಿಗೆ ಕೇಳದೆ ಮುಂದುವರಿಯುವುದಿಲ್ಲ. ಒಂದೆರಡು ಕೊಳವೆಯಾದರೆ ಎರಡೂ ತುದಿ ಮುಚ್ಚಿ ನಡೆಸಬಹುದು, ಅದಕ್ಕಿಂತ ಹೆಚ್ಚಾದರೆ ಭಾಗ ಬದಲಿಸುವುದೇ ಲೇಸು. ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಎಂಜಿನ್ ತರುವ ಮುನ್ನ ಕೂಲೆಂಟ್ ತುಂಬಿಸಬೇಡಿ, ಎಣ್ಣೆಯನ್ನೂ ಬದಲಿಸಬೇಡಿ. ಎಷ್ಟು ಇಳಿದಿದೆ, ಯಾವ ಬಣ್ಣಕ್ಕೆ ತಿರುಗಿದೆ ಎಂಬುದನ್ನು ನಾವು ಮೊದಲು ನೋಡಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಪರವಾಗಿ